ಗೊತ್ತಿದ್ದೂ ಬಿಟ್ಟ ಹಸಿ ತುತ್ತು

ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಜೆ.ಜೆ.ಎಂ. ಕಾಲೇಜು ಶುರುವಾದದ್ದು 1965ರಲ್ಲಿ. ಬೀದಿಗೊಬ್ಬ ಡಾಕ್ಟರಿರುವ ಊರು ನಮ್ಮದು. ಸಕ್ಕರೆ ಕಾಯಿಲೆ, ಬಿ.ಪಿ. ಯಾಕೆ ಬರುತ್ತವೆಂದು ತಿಳಿದಿರಲಿಲ್ಲ ಎನ್ನುವ ಹಕ್ಕು ನಮಗಿಲ್ಲ. ತಿಳಿದೂ ತಿಳಿದೂ ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ, ರಾತ್ರಿ ಗೋಬಿ ಮಂಚೂರಿ ತಿನ್ನುತ್ತೇವೆ. ಬೆಣ್ಣೆ ದೋಸೆ ನಮ್ಮ ಊರಿನ ಹೆಮ್ಮೆ, ಒಪ್ಪೋಣ. ಹಬ್ಬಕ್ಕೆ ಸಲ್ಲಬೇಕಾದದ್ದನ್ನು ದಿನಚರಿ ಮಾಡಿಕೊಂಡವರು ಯಾರು? ನಾವೇ.

ಹಸಿ ತರಕಾರಿ ತಿನ್ನುವುದು ಪಟ್ಟಣದ ಹೊಸ ಶೋಕಿ ಎಂದು ಮೂಗು ಮುರಿಯುವವರು ತಮ್ಮ ಅಜ್ಜಿಯ ತಟ್ಟೆಯನ್ನು ಮರೆತಿದ್ದಾರೆ. ಜೋಳದ ರೊಟ್ಟಿ, ಪಕ್ಕದಲ್ಲಿ ಎಳೆ ಮೆಂತ್ಯೆ ಸೊಪ್ಪು, ಮೂಲಂಗಿ, ಸೌತೆಕಾಯಿ, ಗುದ್ದಿದ ಈರುಳ್ಳಿ, ಮೊಳಕೆ ಕಾಳು, ಶೇಂಗಾ ಚಟ್ನಿಪುಡಿ. ಒಲೆ ಕಂಡದ್ದು ರೊಟ್ಟಿ, ಹುರಿದ ಶೇಂಗಾ, ಅಷ್ಟೆ. ಹೊಲಕ್ಕೆ ಹೋದವರು ಹಸಿ ಕಡಲೆ ಗಿಡವನ್ನೇ ಕಿತ್ತು ತಿನ್ನುತ್ತಿದ್ದರು. ದಾವಣಗೆರೆಯ ಹತ್ತಿ ಗಿರಣಿಗೆ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಗೆ ಸೈಕಲ್ ತುಳಿದು ಹೋದ ಕಾರ್ಮಿಕರ ಬುತ್ತಿಯೂ ಹೀಗೆಯೇ ಇತ್ತು. ಭದ್ರಾ ನಾಲೆಯ ನೀರು ಬಂತು, ಜೋಳದ ಹೊಲ ಗದ್ದೆಯಾಯಿತು, ಗದ್ದೆ ಅಡಿಕೆ ತೋಟವಾಯಿತು. ಕೈಯಲ್ಲಿ ಕಾಸು ಓಡಾಡತೊಡಗಿದ ಮೇಲೆ ಸೊಪ್ಪು ಬಡವರ ಊಟವೆಂದು ನಮಗೆ ನಾಚಿಕೆಯಾಯಿತು. ಇವತ್ತು ಖಾನಾವಳಿಯಲ್ಲಿ ರೊಟ್ಟಿಯ ಪಕ್ಕಕ್ಕೆ ಸೊಪ್ಪು, ಪಚಡಿ ಇಟ್ಟರೆ ಎಷ್ಟು ಮಂದಿ ಮುಟ್ಟುತ್ತೇವೆ? ಎಲೆ ಎತ್ತುವಾಗ ಅದು ಹಾಗೆಯೇ ಕಸಕ್ಕೆ ಹೋಗುತ್ತದೆ.

ಆ ನಾಚಿಕೆಯ ಬೆಲೆಯನ್ನು ನಮ್ಮ ಮೈ ತೆರುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿದ ಲೆಕ್ಕ: ದೇಶದಲ್ಲಿ 10.1 ಕೋಟಿ ಮಧುಮೇಹಿಗಳು, ಅದರ ಹೊಸ್ತಿಲಲ್ಲಿ ಇನ್ನೂ 13.6 ಕೋಟಿ. ಅದೇ ಮಂಡಳಿಯ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದೇಶದ ರೋಗಭಾರದ ಶೇ. 56.4ರಷ್ಟಕ್ಕೆ ತಪ್ಪು ಆಹಾರವೇ ಕಾರಣ ಎಂದಿತು. ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ತಿನ್ನಿ ಎಂದಿತು. ನಮ್ಮ ಸಾಂಬಾರಿನ ಬಟ್ಟಲಲ್ಲಿ ತೇಲುವ ನಾಲ್ಕು ಹೋಳು ಎಷ್ಟು ಗ್ರಾಂ ತೂಗೀತು? ಬೇಯಿಸಿದಾಗ ಸಿ ಜೀವಸತ್ವ ಸಾಕಷ್ಟು ಹಾಳಾಗುತ್ತದೆ. ನೆನೆಸಿದ ಕಾಳಿನ ಕೋಸಂಬರಿಗೆ ನಿಂಬೆಹಣ್ಣು ಹಿಂಡಿದರೆ ಕಾಳಿನ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಇದನ್ನು ಶಾಲೆಯ ಪಾಠದಲ್ಲಿ ಓದಿದವರೇ ಮಗುವಿನ ಡಬ್ಬಿಗೆ ಬಿಸ್ಕತ್ತು, ನೂಡಲ್ಸ್ ತುಂಬುತ್ತೇವೆ, ‘ಅವನು ಸೊಪ್ಪು ಮುಟ್ಟೋದೇ ಇಲ್ಲ’ ಎಂದು ಮಗುವಿನ ಮೇಲೆಯೇ ತಪ್ಪು ಹೊರಿಸುತ್ತೇವೆ. ಅಪ್ಪ ಮುಟ್ಟದ್ದನ್ನು ಮಗ ಯಾಕೆ ಮುಟ್ಟಿಯಾನು?

ರಕ್ತಪರೀಕ್ಷೆಯ ವರದಿಯಲ್ಲಿ ಸಕ್ಕರೆ ಏರಿದ ದಿನ ನಮ್ಮಲ್ಲಿ ಕೆಲವರು ಇನ್ನೊಂದು ಅತಿಗೆ ಹಾರುತ್ತಾರೆ. ಮೊಬೈಲಿನ ವಿಡಿಯೊ ನೋಡಿ, ನಾಳೆಯಿಂದ ಹಾಲಿಲ್ಲ, ಒಲೆ ಇಲ್ಲ ಎಂದು ಶಪಥ ಮಾಡುತ್ತಾರೆ. ಇದೂ ಸೋಮಾರಿತನವೇ. 1929ರಲ್ಲಿ ಗಾಂಧೀಜಿ ಮೊಳಕೆ ಗೋಧಿ, ಹಸಿ ಸೊಪ್ಪು, ಬಾದಾಮಿಯ ಮೇಲೆ ಇದ್ದು ನೋಡಿದರು. ಮೈ ಸೋತಾಗ ನಿಲ್ಲಿಸಿ, ಅದನ್ನು ತಮ್ಮ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಹಾಲು, ಬೆಣ್ಣೆ ತೊರೆದು ಬಹುಪಾಲು ಹಸಿಯಾಗಿ ಉಂಡು ಗಟ್ಟಿಯಾಗಿರಬಹುದು, ಆದರೆ ಅದು ಶಿಸ್ತು ಬೇಡುವ ವ್ರತ. ಸಸ್ಯಗಳಲ್ಲಿ ನಂಬುವಷ್ಟು ಬಿ12 ಜೀವಸತ್ವ ಇಲ್ಲ. ಅದರ ಮಾತ್ರೆ ತೆಗೆದುಕೊಳ್ಳದೆ ವರ್ಷಗಟ್ಟಲೆ ಹೀಗೇ ಉಂಡರೆ ರಕ್ತಹೀನತೆ ಬರಬಹುದು, ನರಗಳು ಸೊರಗಬಹುದು. ರಾಜ್ಮಾದಂಥ ಕಾಳು ಹಸಿಯಾಗಿ ವಿಷ. ಕೊಳಚೆ ನೀರು ಸೋಕಿದ ಸೊಪ್ಪನ್ನು ಚೆನ್ನಾಗಿ ತೊಳೆಯದೆ ತಿಂದರೆ ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಿ, ಅದರ ಮರಿ ಮೆದುಳಿನವರೆಗೂ ಹೋಗಬಹುದು, ಮೂರ್ಛೆ ತರಿಸಬಹುದು. ನಮ್ಮ ಚರಂಡಿಯ ನೀರು ಹರಿದು ಸೇರುವ ಹೊಳೆ, ಹಳ್ಳಗಳ ನೀರೇ ತರಕಾರಿಗೂ ಹಾಯುತ್ತದೆ. ಹರಿಹರದಲ್ಲಿ ತುಂಗಭದ್ರೆಗೆ ಕೈ ಮುಗಿದು, ಅದೇ ನೀರಿಗೆ ಕಸ ಚೆಲ್ಲುವ ನಾವು ಹಸಿ ಸೊಪ್ಪು ಅಪಾಯ ಎಂದು ದೂರುವುದು ಯಾವ ನ್ಯಾಯ?

ಊಟದಲ್ಲಷ್ಟೇ ಅಲ್ಲ, ನಡಿಗೆಯಲ್ಲೂ ನಮ್ಮದು ಕಾಟಾಚಾರವೇ. ನಮ್ಮೂರ ಕುಂದವಾಡ ಕೆರೆಯ ಏರಿಗೆ ಬೈಕಿನಲ್ಲಿ ಹೋಗಿ, ಒಂದು ಸುತ್ತು ಹಾಕಿ, ವಾಪಸು ಬರುವಾಗ ದೋಸೆ ಹೋಟೆಲಿನ ಮುಂದೆ ಗಾಡಿ ನಿಲ್ಲಿಸುವ ನಡಿಗೆಯಿಂದ ಯಾವ ಕೊಬ್ಬೂ ಕರಗುವುದಿಲ್ಲ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ದಿನಕ್ಕೆ ಅರ್ಧ ಗಂಟೆಯನ್ನೂ ಅಲ್ಲ. ಅಷ್ಟು ಹೊತ್ತು ಮೊಬೈಲಿಗೆ ಇದೆ, ಮೈಗಿಲ್ಲ.

ಇನ್ಸುಲಿನ್, ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಊಟ ಬದಲಿಸುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಉಳಿದವರಿಗೆ ನೆಪವಿಲ್ಲ. ಇವತ್ತು ರಾತ್ರಿ ಹೆಸರುಕಾಳು ನೆನೆಹಾಕಿ. ನಾಳೆ ಕೆ.ಆರ್. ಮಾರ್ಕೆಟ್ಟಿನಿಂದ ಸೊಪ್ಪು ತಂದು ಮೂರು ನೀರಿನಲ್ಲಿ ತೊಳೆಯಿರಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ತುತ್ತು ನೀವು ತಿನ್ನಿ.