ಗಡುವಿನೊಳಗೇ ತಿರಸ್ಕೃತ: ಔರಾದ್‌ನ ಅರ್ಜಿಗಳ ಹಾದಿ

ಸರ್ಕಾರಿ ಕಚೇರಿಯ ಕೆಲಸಕ್ಕೆ ಗಡುವು ಹಾಕುವ ಪ್ರಯೋಗವನ್ನು ಕರ್ನಾಟಕ ಮೊದಲು ನಡೆಸಿದ್ದು ನಾಲ್ಕು ತಾಲ್ಲೂಕುಗಳಲ್ಲಿ. ಧಾರವಾಡ, ಚಿತ್ರದುರ್ಗ, ಪುತ್ತೂರಿನ ಜೊತೆ ಬೀದರ್ ಜಿಲ್ಲೆಯ ಔರಾದ್ ಕೂಡ ಅದರಲ್ಲಿತ್ತು. 2012ರ ಮಾರ್ಚ್‌ನಲ್ಲಿ ಈ ನಾಲ್ಕು ಕಡೆ ಶುರುವಾದ ಸಕಾಲ ಯೋಜನೆ, ಏಪ್ರಿಲ್ 2ರಿಂದ ರಾಜ್ಯಕ್ಕೆಲ್ಲ ಹಬ್ಬಿತು. 11 ಇಲಾಖೆಗಳ 151 ಸೇವೆಗಳಿಗೆ ದಿನ ನಿಗದಿಯಾಯಿತು; ಅರ್ಜಿ ಎಲ್ಲಿದೆ ಎಂದು ತಿಳಿಯಲು ಅರ್ಜಿದಾರರ ಕೈಗೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಬಂತು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ.

ಆದರೆ ಗಡುವು ಹೇಳುವುದು ಕೊನೆಯ ದಿನವನ್ನಷ್ಟೇ. ಹಾದಿಯಲ್ಲಿ ಏನಾಯಿತು ಎಂಬುದನ್ನು ನೋಡಬೇಕಾದರೆ ಹಾದಿಯನ್ನೇ ಹಾಳೆಯ ಮೇಲೆ ಬಿಡಿಸಬೇಕು. ಇದು ಹೊಸ ವಿದ್ಯೆಯೇನಲ್ಲ. ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿ 1921ರಲ್ಲೇ ಎಂಜಿನಿಯರುಗಳ ಸಭೆಯ ಮುಂದೆ ‘ಪ್ರೋಸೆಸ್ ಚಾರ್ಟ್’ ಮಂಡಿಸಿದ್ದರು.

ಔರಾದ್ ತಾಲ್ಲೂಕಿನ ಹೋಬಳಿ ಕೇಂದ್ರ ಚಿಂತಾಕಿಯಲ್ಲಿ ಕೊಡುವ ಆದಾಯ ಪ್ರಮಾಣಪತ್ರದ ಅರ್ಜಿಯನ್ನೇ ನೋಡೋಣ. ಹಾಳೆಯಲ್ಲಿ ಐದು ಸಾಲು ಎಳೆಯಬೇಕು: ಅರ್ಜಿದಾರ, ನಾಡಕಚೇರಿಯ ಆಪರೇಟರ್, ತಲಾಟಿ (ಗ್ರಾಮ ಲೆಕ್ಕಿಗ), ಗಿರ್ದಾವರ (ಕಂದಾಯ ನಿರೀಕ್ಷಕ), ಉಪತಹಶೀಲ್ದಾರ್. ಯಾರು ಏನು ಮಾಡುತ್ತಾರೋ ಅದು ಅವರವರ ಸಾಲಿನಲ್ಲಿ ಒಂದು ಚೌಕ. ಒಬ್ಬರಿಂದ ಇನ್ನೊಬ್ಬರಿಗೆ ಒಂದು ಬಾಣ. ವಿವರ ಟೈಪ್ ಮಾಡುವುದು, ವರದಿ ಬರೆಯುವುದು, ಡಿಜಿಟಲ್ ಸಹಿ ಹಾಕುವುದು ಎಲ್ಲ ಕೂಡಿದರೂ ದೊಡ್ಡ ಕೆಲಸವಲ್ಲ. ಸಕಾಲ ಇದಕ್ಕೆ ಕೊಟ್ಟ ಗಡುವು 21 ದಿನ. ಹೆಚ್ಚಿನ ದಿನಗಳು ಹೋಗುವುದು ಚೌಕಗಳಲ್ಲಲ್ಲ, ಬಾಣಗಳಲ್ಲಿ. ನಾಲ್ಕಾರು ಹಳ್ಳಿಗಳ ತಲಾಟಿ ಒಬ್ಬರೇ ಆಗಿದ್ದರೆ ಆ ಬಾಣ ಇನ್ನಷ್ಟು ಉದ್ದ.

ಹಿಂದಕ್ಕೆ ತಿರುಗುವ ಬಾಣವೂ ಒಂದಿದೆ. ಮಹಾರಾಷ್ಟ್ರಕ್ಕೆ ತಾಗಿದ ಈ ಗಡಿಭಾಗದಲ್ಲಿ ಮರಾಠಿ ಶಾಲೆಯಲ್ಲಿ ಓದಿದವರು ಬಹಳ. ಹಾಗಾಗಿ ಶಾಲೆಯ ಟಿಸಿಯಲ್ಲಿ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಪಡಿತರ ಚೀಟಿಯಲ್ಲಿ ಮತ್ತೊಂದು. ಹೊಂದಿಕೆಯಾಗದಿದ್ದರೆ ಅರ್ಜಿ ತಿರಸ್ಕೃತ. ಸಕಾಲದ ಲೆಕ್ಕದಲ್ಲಿ ತಿರಸ್ಕಾರವೂ ವಿಲೇವಾರಿಯೇ. ಗಡುವಿನೊಳಗೆ ತಿರಸ್ಕರಿಸಿದರೆ ಅಂಕಿಅಂಶ ಚೊಕ್ಕ. ಹೊಲದ ಕೂಲಿ ಬಿಟ್ಟು ಬಂದವರು ಮಾತ್ರ ಮತ್ತೆ ಕ್ಯೂನಲ್ಲಿ ನಿಂತು, ಹೊಸ ಸಂಖ್ಯೆ ಪಡೆದು, ಹೊಸ 21 ದಿನ ಎಣಿಸಬೇಕು. ಮಾಸಿಕ ವರದಿಯಲ್ಲಿ ಈ ಬಾಣ ಕಾಣುವುದಿಲ್ಲ, ಹಾಳೆಯ ಮೇಲೆ ಎದ್ದು ಕಾಣುತ್ತದೆ.

ಹಾದಿಯನ್ನೇ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಕಂದಾಯ ಇಲಾಖೆಯಲ್ಲೇ ಉದಾಹರಣೆಯಿದೆ. ಒಮ್ಮೆ ಪರಿಶೀಲಿಸಿದ ಜಾತಿ ವಿವರ ದತ್ತಾಂಶದಲ್ಲಿದ್ದರೆ ಪ್ರಮಾಣಪತ್ರ ಕೌಂಟರಿನಲ್ಲೇ ಸಿಗುವ ವ್ಯವಸ್ಥೆ ನಾಡಕಚೇರಿಗಳ ಅಟಲ್‌ಜಿ ಜನಸ್ನೇಹಿ ಕೇಂದ್ರಗಳಲ್ಲಿ ಬಂತು. ತಲಾಟಿ, ಗಿರ್ದಾವರರ ಚೌಕಗಳನ್ನು ಪ್ರತಿ ಸಲ ದಾಟಬೇಕಿಲ್ಲ. ಕಂಪ್ಯೂಟರ್ ಮೊದಲೂ ಇತ್ತು. ಅನಗತ್ಯ ಚೌಕ ತೆಗೆದಾಗಲೇ ಲಾಭ ಕಂಡಿದ್ದು.

ಖಾಸಗಿ ವಹಿವಾಟಿಗೂ ಬೆಂಬಲ ಬೆಲೆಯ ಖರೀದಿಗೂ ಹಾದಿ ಬಿಡಿಸುವ ಈ ವಿದ್ಯೆ ಸಲ್ಲುತ್ತದೆ. ಇದೇ ಜಿಲ್ಲೆಯ ಭಾಲ್ಕಿಯ ರೈತ ತೊಗರಿ ಮಾರುವಾಗ ನೋಂದಣಿ, ತೇವಾಂಶ ಪರೀಕ್ಷೆ, ತೂಕ, ಗೋಣಿಚೀಲ, ಗೋದಾಮಿನ ರಸೀದಿ, ಖಾತೆಗೆ ಹಣ ಎಂದು ಸಾಲಾಗಿ ಬರೆದರೆ, ತೂಕದವನ ಮೇಲೆ ಹಾಕುತ್ತಿದ್ದ ತಪ್ಪು ಚೀಲದ ಕೊರತೆಯದ್ದೋ ಗೋದಾಮಿನದ್ದೋ ಎಂಬುದು ಗೊತ್ತಾಗುತ್ತದೆ.

ಚಿತ್ರವನ್ನು ಬೆಂಗಳೂರಿನ ಸಲಹೆಗಾರರು ಬಿಡಿಸಿದರೆ ಸುತ್ತೋಲೆಯ ಹಾದಿ ಮೂಡುತ್ತದೆ, ನಿಜವಾದ ಹಾದಿಯಲ್ಲ. ಆಪರೇಟರ್, ತಲಾಟಿ ಕೂತು ಬರೆಯಬೇಕು. ಎರಡು ಸಲ ಅಲೆದ ಅರ್ಜಿದಾರರೊಬ್ಬರೂ ಪಕ್ಕದಲ್ಲಿರಬೇಕು. ಸಕಾಲಕ್ಕೆ ಮೊದಲ ಪ್ರಯೋಗಶಾಲೆಯಾದ ಔರಾದ್‌ನಲ್ಲೇ ಇದನ್ನು ಆರಂಭಿಸಬಹುದು: ಜಿಎಸ್‌ಸಿ ಸಂಖ್ಯೆ ಕೊಡುವ ಮುಂಚೆಯೇ ಕೌಂಟರಿನಲ್ಲಿ ಹೆಸರು ತಾಳೆ ನೋಡುವುದು, ತಿರಸ್ಕೃತ ಅರ್ಜಿಗಳನ್ನು ಕಾರಣಸಹಿತ ಬೇರೆಯಾಗಿ ಎಣಿಸುವುದು, ಆ ಹಾಳೆಯನ್ನು ನಾಡಕಚೇರಿಯ ಗೋಡೆಗೆ ಅಂಟಿಸುವುದು. ಇದಕ್ಕೆ ಹೊಸ ಕಾಯ್ದೆಯೂ ಬೇಡ, ಹೊಸ ಸಾಫ್ಟ್‌ವೇರೂ ಬೇಡ.