‘ಅದರಾಗ ಕೈ ಹಾಕಬ್ಯಾಡ್ರಿ’

ಕುಕ್ಕರಿನ ಗ್ಯಾಸ್ಕೆಟ್ ಸಡಿಲಾದರೆ ನಾವು ಬದಲಿಸುತ್ತೇವೆ. ಹೊಲಿಗೆ ಮಷೀನು ದಾರ ಕಚ್ಚಿದರೆ ಬಾಬಿನ್ ಕೇಸು ಬಿಚ್ಚಿ, ಕಸ ತೆಗೆದು, ಎರಡು ಹನಿ ಎಣ್ಣೆ ಬಿಡುತ್ತೇವೆ. ಇದನ್ನು ಯಾರೂ ರಿಪೇರಿ ಎನ್ನುವುದಿಲ್ಲ, ಮನೆಗೆಲಸ ಎನ್ನುತ್ತಾರೆ. ಅದೇ ಹೆಂಗಸು ಸ್ಕ್ರೂಡ್ರೈವರ್ ಹಿಡಿದು ಕಂಪ್ಯೂಟರಿನ ಮುಂದೆ ಕುಳಿತರೆ ಮನೆಯಲ್ಲಿದ್ದವರೆಲ್ಲ ಹೌಹಾರುತ್ತಾರೆ. ಈ ಹೌಹಾರುವಿಕೆಯ ವಿರುದ್ಧ ನನ್ನದೊಂದು ತಕರಾರಿದೆ.

ನನ್ನ ತಂಗಿಯ ಮಗಳು ಚಿಕ್ಕೋಡಿಯ ನಮ್ಮ ಮನೆಯಲ್ಲಿದ್ದುಕೊಂಡು ಕಂಪ್ಯೂಟರಿನಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವುದನ್ನು ಕಲಿಯುತ್ತಿದ್ದಾಳೆ. ಕಳೆದ ಏಪ್ರಿಲ್ಲಿನಲ್ಲಿ ಅವಳ ಯಂತ್ರಕ್ಕೆ ರೋಗ ಬಂತು. ಹತ್ತು ನಿಮಿಷ ಸರಿಯಾಗಿರುವುದು, ಆಮೇಲೆ ಪರದೆಯ ತುಂಬ ಬಣ್ಣದ ಗೆರೆ, ಆಮೇಲೆ ಕತ್ತಲು. ನಿಪ್ಪಾಣಿಯ ಒಂದು ಅಂಗಡಿಗೆ ಒಯ್ದೆವು. ಅಂಗಡಿಯವನು ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯಲಿಲ್ಲ. “ಬಾಯಾರ, ಗ್ರಾಫಿಕ್ಸ್ ಕಾರ್ಡ್ ಹೋಗೇತ್ರಿ. ಹೊಸಾದು ಹಾಕಬೇಕು. ಎಂಟು ಒಂಬತ್ತು ಸಾವಿರ ಆಗ್ತೈತಿ,” ಎಂದ. ಒಳಗೆ ಏನಾಗಿದೆ ಎಂದು ಕೇಳಿದ್ದಕ್ಕೆ, “ನೀವು ಅದರಾಗ ಕೈ ಹಾಕಬ್ಯಾಡ್ರಿ,” ಎಂದ. ನಾನು ಕೇಳಿದ್ದು ಪ್ರಶ್ನೆ, ಅವನು ಕೊಟ್ಟದ್ದು ಎಚ್ಚರಿಕೆ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮರಳುವಾಗ ಆ ಮಾತು ನನ್ನನ್ನು ಕುಟುಕುತ್ತಲೇ ಇತ್ತು.

ಮನೆಯಲ್ಲಿ ವಯರು ಕಿತ್ತು, ಮುಚ್ಚಳ ತೆಗೆದು, ಕಾರ್ಡನ್ನು ಹೊರಗೆ ಎಳೆದೆವು. ನೋಡಿದರೆ ಅದರ ಮೇಲಿನ ಅಲ್ಯುಮಿನಿಯಂ ಗಟ್ಟಿ ಅಲುಗಾಡುವ ಹಲ್ಲಿನಂತೆ ಅಲುಗುತ್ತಿದೆ! ಬಾಚಣಿಗೆಯಂತೆ ಹಲ್ಲುಹಲ್ಲಾಗಿರುವ ಈ ಗಟ್ಟಿಗೆ ಹೀಟ್‌ಸಿಂಕ್ ಎನ್ನುತ್ತಾರೆ. ಚಿತ್ರ ಮೂಡಿಸುವ ಚಿಪ್ಪು ಕೆಲಸ ಮಾಡುವಾಗ ಕಾಯುತ್ತದೆ. ಆ ಕಾವನ್ನು ಹೀರಿ, ತನ್ನ ಹಲ್ಲುಗಳ ಮೇಲೆಲ್ಲ ಹರಡಿ, ಫ್ಯಾನಿನ ಗಾಳಿಗೆ ಬಿಟ್ಟುಕೊಡುವುದಷ್ಟೇ ಅದರ ಕೆಲಸ. ಅದನ್ನು ಚಿಪ್ಪಿಗೆ ಒತ್ತಿ ಹಿಡಿಯುವುದಕ್ಕೆ ನಾಲ್ಕು ಮೂಲೆಗೆ ಸ್ಪ್ರಿಂಗ್ ತೊಟ್ಟ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳು. ವರ್ಷಗಟ್ಟಲೆ ಕಾವು ತಿಂದು ಪ್ಲಾಸ್ಟಿಕ್ ಪೆಡಸಾಗಿ ಎರಡು ಪಿನ್ನು ಮುರಿದಿದ್ದವು. ನಡುವಿನ ಪೇಸ್ಟು ಒಣಗಿ ಗೋಡೆಯ ಸುಣ್ಣದಂತೆ ಉದುರುತ್ತಿತ್ತು.

ಇದು ಅರ್ಥವಾಗಲು ದೊಡ್ಡ ವಿದ್ಯೆ ಬೇಡ. ತಳ ಡೊಂಕಾದ ಹಂಚಿನ ಮೇಲೆ ರೊಟ್ಟಿ ಬೇಯಿಸಿದವರಿಗೆಲ್ಲ ಗೊತ್ತು, ರೊಟ್ಟಿ ಹಂಚಿಗೆ ತಾಗಿದಲ್ಲಿ ಬೇಯುತ್ತದೆ, ಎದ್ದು ನಿಂತಲ್ಲಿ ಹಸಿ ಉಳಿಯುತ್ತದೆ. ಲೋಹದೊಳಗೆ ಕಾವು ಹರಿದಂತೆ ಗಾಳಿಯಲ್ಲಿ ಹರಿಯುವುದಿಲ್ಲ. ಅಲ್ಯುಮಿನಿಯಂ ಗಾಳಿಗಿಂತ ಸಾವಿರಾರು ಪಟ್ಟು ಚೆನ್ನಾಗಿ ಕಾವನ್ನು ದಾಟಿಸುತ್ತದೆ. ಚಿಪ್ಪಿಗೂ ಗಟ್ಟಿಗೂ ನಡುವೆ ಕೂದಲೆಳೆಯಷ್ಟು ಗಾಳಿ ನುಸುಳಿದರೂ ಕೆಲಸ ಕೆಟ್ಟಿತು. ಕಣ್ಣಿಗೆ ಕಾಣದ ಆ ಸಂದುಗಳನ್ನು ತುಂಬುವುದಕ್ಕೇ ಪೇಸ್ಟು. ಚಿಪ್ಪಿನ ಕಾವು 90 ಡಿಗ್ರಿ ದಾಟಿ ಏರುತ್ತ ಹೋದರೆ ಅದು ಮೊದಲು ನಿಧಾನವಾಗುತ್ತದೆ, ಆಮೇಲೆ ತನ್ನ ಜೀವ ಉಳಿಸಿಕೊಳ್ಳಲು ಕಣ್ಣು ಮುಚ್ಚುತ್ತದೆ. ಅಂಗಡಿಯವನು ಇದನ್ನೇ ಸಾವು ಎಂದು ಬರೆದುಬಿಟ್ಟಿದ್ದ.

ಮನೆಯ ಗಂಡಸರೂ ಸುಮ್ಮನಿರಲಿಲ್ಲ. ಒಬ್ಬರು ಫೆವಿಕ್ವಿಕ್ ಎಂದರು, ಇನ್ನೊಬ್ಬರು ಎಂ-ಸೀಲ್ ಎಂದರು. ಅಂಟಿಸುವುದೇ ಬೇರೆ, ಕಾವು ದಾಟಿಸುವುದೇ ಬೇರೆ. ಅಂಥ ಅಂಟು ಕಾವನ್ನು ತಡೆಯುತ್ತದೆ. ಮುಂದೆ ಯಾರಾದರೂ ಕೀಳಹೋದರೆ ಚಿಪ್ಪೇ ಕಿತ್ತು ಬರುತ್ತದೆ. ಕಾವು ದಾಟಿಸುವ ಅಂಟು ಬೇರೆಯೇ ಸಿಗುತ್ತದೆ, ಆದರೆ ಅದೂ ಬಿಡುವ ಜಾತಿಯದಲ್ಲ. ಪಿನ್ನಿಗೆ ತೂತುಗಳಿರುವಾಗ ಅಂಟಿನ ಗೊಡವೆಯೇ ಬೇಡ. ಬಿಗಿಯುವ ಕೆಲಸ ಸ್ಕ್ರೂವಿನದು, ಕಾವು ದಾಟಿಸುವ ಕೆಲಸ ಪೇಸ್ಟಿನದು.

ಮೊಬೈಲ್ ರಿಪೇರಿ ಅಂಗಡಿಯಿಂದ ಪೇಸ್ಟಿನ ಟ್ಯೂಬು, ಐಸೊಪ್ರೊಪೈಲ್ ಆಲ್ಕೋಹಾಲ್, ನಾಲ್ಕು ಸಣ್ಣ ಸ್ಕ್ರೂ, ನಟ್ಟು, ಬೋರ್ಡಿಗೆ ತಾಗುವ ಕಡೆಗೆ ನೈಲಾನ್ ವಾಷರ್ ತಂದೆವು. ಎಲ್ಲ ಸೇರಿ ಮುನ್ನೂರು ರೂಪಾಯಿ ದಾಟಲಿಲ್ಲ. ಹಳೆಯ ಪೇಸ್ಟನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಚಿಪ್ಪಿನ ನಡುವೆ ಅಕ್ಕಿಕಾಳಿನಷ್ಟು ಹೊಸದನ್ನಿಟ್ಟು, ಗಟ್ಟಿಯನ್ನು ನೇರವಾಗಿ ಕೂರಿಸಿ, ಹಳೆಯ ಸ್ಪ್ರಿಂಗುಗಳನ್ನೇ ಸ್ಕ್ರೂಗಳಿಗೆ ತೊಡಿಸಿದೆವು. ಎದುರುಬದುರು ಮೂಲೆಗಳನ್ನು ಸ್ವಲ್ಪಸ್ವಲ್ಪವೇ ತಿರುವಬೇಕು. ಒಂದೇ ಮೂಲೆಯನ್ನು ಪೂರಾ ಬಿಗಿದರೆ ಚಿಪ್ಪಿನ ಅಂಚು ಒಡೆಯುತ್ತದೆ. ಅವಳು ತಿರುವುತ್ತಿದ್ದಳು, ನಾನು “ಸಾಕು, ಸಾಕು” ಎನ್ನುತ್ತಿದ್ದೆ. ಫ್ಯಾನಿನ ವಯರು ಮರೆತದ್ದು ಕೊನೆಗೆ ನೆನಪಾಯಿತು.

ಗಂಟೆಗಟ್ಟಲೆ ನಕ್ಷೆ ಬಿಡಿಸಿದರೂ ಕಾವು 70ರ ಆಸುಪಾಸಿನಲ್ಲೇ ನಿಂತಿತು.

ಹೆಂಗಸರ ಕೈಗೆ ಇಂಥ ಕೆಲಸ ಒಗ್ಗದು ಎನ್ನುವವರು ಅಥಣಿಗೆ ಹೋಗಿ ಬರಲಿ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕೊಲ್ಹಾಪುರಿ ಚಪ್ಪಲಿಯನ್ನು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ನಮ್ಮ ನಾಲ್ಕು ಜಿಲ್ಲೆಗಳಲ್ಲಿ ಮಾಡುತ್ತಾರೆ. ಅಥಣಿ, ನಿಪ್ಪಾಣಿಗಳ ಮನೆಗಳಲ್ಲಿ ಆ ಚಪ್ಪಲಿಯ ಹೊಲಿಗೆ, ಹೆಣಿಗೆಯ ಬಹುಪಾಲು ಹೆಂಗಸರದು. ಮೊಳೆಯಿಲ್ಲದೆ, ಬರೀ ಚರ್ಮದ ದಾರದಲ್ಲಿ ದಪ್ಪ ಅಟ್ಟೆಯನ್ನು ಬಿಗಿಯುವ ಬೆರಳಿಗೆ ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ತಿಳಿಯದೆ? ಆ ಹತೋಟಿಯನ್ನು ನಾವು ಸಂಪ್ರದಾಯ ಎಂದು ಹೊಗಳುತ್ತೇವೆ. ಅದೇ ಬೆರಳು ನಾಲ್ಕು ಸ್ಕ್ರೂ ಮುಟ್ಟಿದರೆ ಅಪಾಯ ಎನ್ನುತ್ತೇವೆ.

ಅಪಾಯವೇ ಇಲ್ಲ ಎಂದು ನಾನೂ ಹೇಳುವುದಿಲ್ಲ. ಕರೆಂಟು ಬರುವ ಪವರ್ ಸಪ್ಲೈ ಡಬ್ಬಿಯನ್ನು ಎಂದೂ ಬಿಚ್ಚಬಾರದು. ವಯರು ಕಿತ್ತ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ. ಕಾರ್ಡು ಮುಟ್ಟುವ ಮೊದಲು ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತು ಕಳೆದುಕೊಳ್ಳಬೇಕು. ನೈಲೆಕ್ಸ್ ಸೀರೆ ಉಟ್ಟು ಈ ಕೆಲಸ ಬೇಡ. ಆದರೆ ಇವೆಲ್ಲ ಗಂಡಸರಿಗೂ ಇರುವ ನಿಯಮಗಳೇ.

ಅಂಗಡಿಯವನನ್ನೇ ಬೈದರೂ ನ್ಯಾಯವಲ್ಲ. ಮುನ್ನೂರರ ಕೆಲಸದಲ್ಲಿ ಅವನಿಗೆ ಅಂಗಡಿಯ ಬಾಡಿಗೆ ಹುಟ್ಟುವುದಿಲ್ಲ, ಹೊಸ ಕಾರ್ಡಿನಲ್ಲಿ ಹುಟ್ಟುತ್ತದೆ. ತಯಾರಕರೋ, ವರ್ಷಗಟ್ಟಲೆ ಕಾವು ತಿನ್ನುವ ಜಾಗಕ್ಕೆ ಪ್ಲಾಸ್ಟಿಕ್ ಪಿನ್ನು ಹಾಕಿ ಕೈತೊಳೆದುಕೊಳ್ಳುತ್ತಾರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು, ಅದೇ ವರ್ಷದ ಡಿಸೆಂಬರ್ 24ರಂದು ಪೋರ್ಟಲನ್ನೂ ತೆರೆಯಿತು. ಸಂತೋಷ. ಆದರೆ ಬಿಚ್ಚಿ ನೋಡುವ ಧೈರ್ಯವನ್ನೇ ಚಿಕ್ಕಂದಿನಲ್ಲಿ ಕಿತ್ತುಕೊಂಡ ಹುಡುಗಿಗೆ ಆ ಹಕ್ಕು ಯಾವ ಕೆಲಸಕ್ಕೆ? ಕಂಪ್ಯೂಟರ್ ಕೋಣೆಯ ಬೀಗದ ಕೈ ಹುಡುಗರಿಗೆ, ಕಸಬರಿಗೆ ಹುಡುಗಿಯರಿಗೆ ಎಂದು ಹಂಚುವ ಶಾಲೆಗಳನ್ನು ಕಂಡಿದ್ದೇನೆ. ಒಂದು ಕಾಲಕ್ಕೆ ಹಾಗೆ ಹಂಚಿದವಳು ನಾನೂ ಹೌದು.

ಸುದ್ದಿ ಓಣಿಯಲ್ಲಿ ಹಬ್ಬಿತು. ಮೊನ್ನೆ ಎದುರುಮನೆಯಾಕೆ ಮಗನ ಕಂಪ್ಯೂಟರನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಂದು, “ಅಕ್ಕಾರ, ಇದೂ ಭಾಳ ಕಾಯ್ತೈತ್ರಿ,” ಎಂದಳು. ನನ್ನ ತಂಗಿಯ ಮಗಳು ಸ್ಕ್ರೂಡ್ರೈವರ್ ತರಲು ಎದ್ದಳು. ನಾನು ತಡೆದೆ. “ಮೊದಲು ಬಿಲ್ ತರ್ರಿ, ವಾರಂಟಿ ಮುಗದೈತೇನು ನೋಡೋಣ,” ಎಂದೆ.