ವಿಮಾನ ರದ್ದಾದವರನ್ನೂ ಕೇಳಿ

2024ರ ಡಿಸೆಂಬರಿನಲ್ಲಿ ಏರ್‌ಹೆಲ್ಪ್ ಎಂಬ ಸಂಸ್ಥೆ 109 ವಿಮಾನ ಕಂಪನಿಗಳ ಪಟ್ಟಿ ಹೊರಡಿಸಿ, ಇಂಡಿಗೋಗೆ 103ನೇ ಸ್ಥಾನ ಕೊಟ್ಟಿತು. ಇಂಡಿಗೋ ಒಪ್ಪಲಿಲ್ಲ. ಭಾರತದಲ್ಲಿ ಎಷ್ಟು ಮಂದಿಯನ್ನು ಕೇಳಿದಿರಿ ಎಂಬುದೇ ವರದಿಯಲ್ಲಿಲ್ಲ ಎಂದಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ತಿಂಗಳು ತಿಂಗಳು ಪ್ರಕಟಿಸುವ ಲೆಕ್ಕವನ್ನು ಮುಂದಿಟ್ಟು, ತನ್ನ ಮೇಲಿನ ದೂರುಗಳು ಕಡಿಮೆ ಎಂದು ವಾದಿಸಿತು. ಆಕ್ಷೇಪದಲ್ಲಿ ಹುರುಳಿತ್ತು. ವಿಮಾನ ತಡವಾದವರಿಗೆ ಪರಿಹಾರ ಕೊಡಿಸಿ ಅದರಲ್ಲಿ ಪಾಲು ಪಡೆಯುವುದೇ ಏರ್‌ಹೆಲ್ಪ್‌ನ ವ್ಯಾಪಾರ. ಅಂಥವರು ಕೊಟ್ಟ ಅಂಕವನ್ನು ಹಾಗೇ ನಂಬಲಾಗದು.

ಆದರೆ ಡಿಜಿಸಿಎ ಲೆಕ್ಕದಲ್ಲಿ ಪ್ರಯಾಣಿಕರ ಮನಸ್ಸು ಸಿಗುತ್ತದೆಯೇ? ಹತ್ತು ಸಾವಿರ ಪ್ರಯಾಣಿಕರಿಗೆ ಎಷ್ಟು ದೂರು ಎಂಬುದು ಅದರ ಅಳತೆ. ಎಷ್ಟೋ ತಿಂಗಳು ಅದು ಒಂದನ್ನೂ ಮುಟ್ಟುವುದಿಲ್ಲ. ತನಗೆ ಬಂದ ದೂರುಗಳನ್ನು ಕಂಪನಿಯೇ ಎಣಿಸಿ ಒಪ್ಪಿಸುತ್ತದೆ. ಸೂಟ್‌ಕೇಸಿನ ಚಕ್ರ ಮುರಿದಿದ್ದರೂ ಮನೆ ಸೇರಿದರೆ ಸಾಕೆಂದು ಹೊರಟವರು, ದೂರು ಕೊಟ್ಟು ಆಗುವುದೇನು ಎಂದುಕೊಂಡವರು ಇದರಲ್ಲಿ ಸೇರುವುದೇ ಇಲ್ಲ. ದೂರು ಬರಲಿಲ್ಲವೆಂದರೆ ಜನ ತೃಪ್ತರಾಗಿದ್ದಾರೆ ಎಂದು ನಿಯಂತ್ರಕರು ತಿಳಿಯಬಾರದು.

ಹಾಗಾದರೆ ಜನರನ್ನೇ ಕೇಳಬೇಕು. ಎಲ್ಲಿ ಕೇಳುತ್ತೇವೆ ಎಂಬುದೂ ಮುಖ್ಯ. ವಿಮಾನ ನಿಲ್ದಾಣಗಳ ಗುಣಮಟ್ಟ ಅಳೆಯುವ ಎಎಸ್‌ಕ್ಯೂ ಸಮೀಕ್ಷೆಯಲ್ಲಿ ಹೊರಡುವವರನ್ನು ಬೋರ್ಡಿಂಗ್ ಗೇಟಿನ ಬಳಿ ಮಾತನಾಡಿಸುತ್ತಾರೆ. ಅನುಭವ ಹಸಿಯಾಗಿರುವಾಗಲೇ ಕೇಳುವುದು ಒಳ್ಳೆಯ ಕ್ರಮ, ನಿಲ್ದಾಣದ ಮಟ್ಟಿಗೆ ಸಾಕು ಕೂಡ. ಕಂಪನಿಗಳ ವಿಷಯದಲ್ಲಿ ಸಾಲದು. 2025ರ ಡಿಸೆಂಬರ್ ಆರಂಭದಲ್ಲಿ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದಾಗ ಟರ್ಮಿನಲ್ ನೆಲದ ಮೇಲೆ ಕಾದು ಕೂತವರು, ಕೊಟ್ಟ ಬ್ಯಾಗು ವಾಪಸ್ ಸಿಗದೆ ಅಲೆದವರು ವಿಮಾನ ಹತ್ತಲೇ ಇಲ್ಲ. ಹತ್ತಿದವರನ್ನಷ್ಟೇ ಕೇಳಿದರೆ ಅತಿ ಹೆಚ್ಚು ನೊಂದವರ ಮಾತೇ ಬಿಟ್ಟುಹೋಗುತ್ತದೆ.

ಆದ್ದರಿಂದ ಡಿಜಿಸಿಎ ತಾನೇ ಸಮೀಕ್ಷೆ ನಡೆಸಲಿ. ಟಿಕೆಟ್ ಕೊಂಡವರ ಪಟ್ಟಿಯಿಂದಲೇ ಜನರನ್ನು ಆರಿಸಲಿ, ಹಾರಾಟ ರದ್ದಾದವರೂ ಅದರಲ್ಲಿರಲಿ. ಪ್ರಶ್ನೆಗಳು ಕನ್ನಡದಲ್ಲೂ ಇರಲಿ. ಎಷ್ಟು ಮಂದಿಯನ್ನು ಕೇಳಲಾಯಿತು, ಎಷ್ಟು ಮಂದಿ ಉತ್ತರಿಸಿದರು ಎಂಬುದೂ ಫಲಿತಾಂಶದ ಜೊತೆಗೇ ಪ್ರಕಟವಾಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ಮಾರ್ಗವಾರು ಅಂಕಿ ಬೇಕು. ದಿಲ್ಲಿ–ಮುಂಬೈ ಮಾರ್ಗದಲ್ಲಿ ಒಂದು ವಿಮಾನ ರದ್ದಾದರೆ ಮುಂದಿನದು ಅದೇ ದಿನ ಇರುತ್ತದೆ. ಶಿವಮೊಗ್ಗದಂಥ ಕಡೆ ಬೆರಳೆಣಿಕೆಯ ವಿಮಾನಗಳು. ಒಂದು ತಪ್ಪಿದರೆ ಆಸ್ಪತ್ರೆಯ ಅಪಾಯಿಂಟ್‌ಮೆಂಟೂ ತಪ್ಪುತ್ತದೆ, ಸಂದರ್ಶನವೂ ತಪ್ಪುತ್ತದೆ. ದೇಶದ ಸರಾಸರಿಯಲ್ಲಿ ಈ ಪ್ರಯಾಣಿಕರು ಕಾಣುವುದೇ ಇಲ್ಲ.